ಒದ್ದೆ ಗೋಡೆಯ ವರದಿ

“ಆ ಗೋಡೆ ಇವತ್ತಿಗೂ ಒದ್ದೆಯಾಗೇ ಇದೆ ಕಣೇ!”

ಬಸ್ಸಿಗಾಗಿ ಸಾಲಿನಲ್ಲಿ ನಿಂತಿದ್ದ ದರ್ಜಿಯ ಕಿವಿ ನೆಟ್ಟಗಾಯಿತು. ಊರ ಉಸಾಬರಿ ತನಗ್ಯಾಕೆ ಎನ್ನುವ ಪೈಕಿ ಅವನಲ್ಲ. ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ಬಾಡಿಗೆ ಮನೆಗಳನ್ನು ಪರೀಕ್ಷಿಸಿ ವರದಿ ಕೊಡುವುದು ಅಕ್ಕನ ಕೆಲಸವೆಂದು ಅವಳ ಕೊರಳಿನ ಗುರುತಿನ ಚೀಟಿ ಹೇಳುತ್ತಿತ್ತು.

“ಯಾವ ಗೋಡೆ ಅಕ್ಕಾ?”

“ನಾವು ಚಿಕ್ಕೋರಿದ್ದಾಗ ಬಾಡಿಗೆಗಿದ್ವಲ್ಲ, ಆ ಮನೇದು. ಒಳಗೆ ಬಟ್ಟೆ ಒಣಗಿಸಿ ಗೋಡೆ ಹಾಳು ಮಾಡಿದ್ರಿ ಅಂತ ಬೀದೀಲಿ ನಿಲ್ಸಿ ಅಪ್ಪನ ಮಾನ ತೆಗೆದನಲ್ಲ, ಆ ಮಾಲೀಕ ಇವತ್ತು ನನ್ನನ್ನೇ ಕರೆಸಿದ್ದ.”

“ಗುರುತು ಹಿಡಿದ್ನಾ?”

“ಎಲ್ಲಿಂದ ಹಿಡೀತಾನೆ? ಈಗಿರೋ ಬಾಡಿಗೆಯವರ ತಲೆಗೂ ಅದನ್ನೇ ಕಟ್ಟಬೇಕಂತೆ. ನಾನು ತೇವ ಅಳೆಯೋ ಯಂತ್ರ ಒತ್ತುತ್ತಾ ಕೆಳಗಿಂದ ಮೇಲಕ್ಕೆ ಹೋದೆ. ಮೇಲೆ ಹೋದಷ್ಟೂ ತೇವ ಜಾಸ್ತಿ.”

“ಅಂದ್ರೆ?”

“ನೀರು ಇಳೀತಿರೋದು ಮಹಡೀಲಿರೋ ಅವನದೇ ಬಚ್ಚಲಿಂದ! ಈಗಷ್ಟೇ ಮಾರ್ಬಲ್ ಹಾಕಿಸಿ ಮೆರೀತಿದಾನೆ. ಅಷ್ಟನ್ನೂ ಕೀಳಿಸ್ತೀನಿ.”

“ಸೇಡಿಗೆ ಅಂತ ಸುಳ್ಳುಪಳ್ಳು ಬರೀಬೇಡಕ್ಕಾ.”

“ಸುಳ್ಳು ಯಾಕೆ? ಅವನ ಸೊಕ್ಕು ಮುರಿಯೋಕೆ ನಿಜಾನೇ ಸಾಕು.”

ಬಸ್ಸು ಬಂತು. ಅದು ದರ್ಜಿಯ ಬಸ್ಸೂ ಹೌದು, ಆದರೆ ಮಾತು ಕೇಳುವ ಗುಂಗಿನಲ್ಲಿ ಅವನು ಹತ್ತುವುದನ್ನೇ ಮರೆತ.

“ಇದನ್ನ ನೋಡೋಕೆ ಅಪ್ಪ ಇರಬೇಕಿತ್ತು,” ಎಂದಳು ತಂಗಿ.

ಮೆಟ್ಟಿಲೇರುತ್ತಾ ಅಕ್ಕ ತಿರುಗಿ ನೋಡಿದಳು.

“ಇರ್ತಾರೆ. ವರದಿ ಕೆಳಗೆ ನನ್ನ ಹೆಸರಿನ ಮುಂದೆ ಅಪ್ಪನ ಪೂರ್ತಿ ಹೆಸರು ಬರೆದೇ ಸಹಿ ಹಾಕ್ತೀನಿ. ಓದ್ಲಿ ಅವನು.”