ಅತ್ತೆ ಬೈಯದಿದ್ದ ಬೆಳಿಗ್ಗೆ

ಅಧ್ಯಕ್ಷರಾದ ದೊಡ್ಡ ಡಾಕ್ಟರೇ, ಅತಿಥಿಗಳೇ, ನನ್ನ ಜೊತೆ ಬೆಡ್‌ಪ್ಯಾನ್ ಹೊತ್ತ ಅಕ್ಕತಂಗಿಯರೇ, ಸಭಿಕರೇ,

ತುರ್ತು ಚಿಕಿತ್ಸೆಯ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಆಯಾ ನಾನು. ನೆಲ ಒರೆಸುವಾಗ ಯಾರೂ ಚಪ್ಪಾಳೆ ತಟ್ಟಿದವರಿಲ್ಲ, ಹಾಗಾಗಿ ಇದು ನನಗೆ ಹೊಸದು. ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸು. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸನ್ಮಾನಕ್ಕೆ ಕರೆಯುವಾಗ ನಿರೂಪಕರು ನನ್ನನ್ನು 'ಅತ್ತೆಯ ಜೀವ ಉಳಿಸಿದ ಸೊಸೆ' ಎಂದರು. ಅದನ್ನು ಸ್ವಲ್ಪ ತಿದ್ದಬೇಕಿದೆ.

ಉಬ್ಬಸ ಬಂದವರನ್ನು ನಮ್ಮ ಡಾಕ್ಟರಮ್ಮ "ತಿಂಡಿ ಆಯ್ತಾ? ಮನೇಲಿ ಯಾರ‍್ಯಾರಿದೀರಾ?" ಎಂದು ಯಾಕೆ ಮಾತಾಡಿಸುತ್ತಾರೆ? ಹರಟೆಗೆ ಎಂದುಕೊಂಡಿದ್ದೆ. ಅಲ್ಲ. ಒಂದು ಉಸಿರಿಗೆ ಎಷ್ಟು ಮಾತು ಬರುತ್ತದೆಂದು ನೋಡುತ್ತಾರೆ.

ನಮ್ಮತ್ತೆಗೆ ಮೂವತ್ತು ವರ್ಷದ ಉಬ್ಬಸ. ಬೈಗುಳಕ್ಕೆ ಮಾತ್ರ ಅದು ಎಂದೂ ಅಡ್ಡ ಬಂದಿರಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಅವರ ಎದೆ ಸುಂಯ್‌ಗುಡುತ್ತಿತ್ತು. ನಾನು ತಲೆ ಬಾಚಿ ಬರುವಷ್ಟರಲ್ಲಿ ಸದ್ದಿಲ್ಲ. ನಮ್ಮ ಯಜಮಾನರು, "ನೋಡೇ, ಸುಂಯ್ ಅನ್ನೋದು ನಿಂತೋಯ್ತು. ಅಮ್ಮನ್ನ ಮಲಗ್ಸೋಣ" ಎಂದು ಹಿಗ್ಗಿದರು. ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿದೆ, ಅತ್ತೆ ಬೈಯುತ್ತಿಲ್ಲ! ತುಟಿ ನೀಲಿಯಾಗಿತ್ತು.

"ಮಲಗಿಸ್ಬೇಡಿ, ಕೂರ್ಸಿ! ಗಾಳಿ ಆಡಿದ್ರೆ ತಾನೇ ಸದ್ದು ಬರೋದು!" ಎಂದು ಕಿರುಚಿದೆ.

ಪಕ್ಕದ ಮನೆಯವರ ಕಾರಿನಲ್ಲಿ ಇಲ್ಲಿಗೆ, ನಮ್ಮ ಆಸ್ಪತ್ರೆಗೇ ಕರೆತಂದೆವು. ಡಾಕ್ಟರಮ್ಮ ಕೇಳಿದ್ದಕ್ಕೆ ಅತ್ತೆಯ ಬಾಯಿಂದ ಒಂದು ಪದವೂ ಪೂರ್ತಿ ಬರಲಿಲ್ಲ. ಆಮ್ಲಜನಕ ಹಚ್ಚಿದರು, ಮಾಸ್ಕಿನಲ್ಲಿ ಔಷಧಿಯ ಆವಿಯನ್ನು ಒಂದರ ಹಿಂದೊಂದು ಕೊಟ್ಟರು, ಇಂಜೆಕ್ಷನ್ ಚುಚ್ಚಿದರು. ನಾನು ಗೋಡೆಗೆ ಒರಗಿ ಬೇಡಿಕೊಂಡೆ: 'ಭಗವಂತ, ನನ್ನನ್ನು ಬೈಯುವ ಶಕ್ತಿಯನ್ನು ಅವರಿಗೆ ಕೊಡು.' ಯಾವ ಸೊಸೆ ಹೀಗೆ ಬೇಡಿಯಾಳು, ಹೇಳಿ!

ಮೊದಲು ಸುಂಯ್ ಸದ್ದು ಮರಳಿತು. ಡಾಕ್ಟರಮ್ಮನ ಮುಖ ಅರಳಿತು. ಎರಡು ಗಂಟೆ ಕಳೆದ ಮೇಲೆ "ಹೇಗಿದೀರಾ ಅಜ್ಜಿ?" ಎಂದರು. ಅತ್ತೆ ಮಾಸ್ಕ್ ಎತ್ತಿ ಹೇಳಿದರು:

"ನನ್ನ ಪಂಪು ಅಟ್ಟದ ಮೇಲೆ ಬಚ್ಚಿಟ್ಟವಳು ಇವಳೇ, ಈಗ ಇಲ್ಲಿ ದೊಡ್ಡ ಜಾಣೆ ಥರ ನಿಂತಿದಾಳೆ, ಮೊದ್ಲು ಇವಳನ್ನ ವಿಚಾರಿಸ್ಕೊಳ್ಳಿ ಡಾಕ್ಟ್ರೇ!"

ಒಂದೇ ಉಸಿರಿಗೆ ಹದಿನಾರು ಪದ. ಎಲ್ಲರೂ ನಕ್ಕರು, ನನಗೆ ಅಳು ಬಂತು. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಉಬ್ಬಸದ ಆ ಇನ್‌ಹೇಲರ್ ಪಂಪು ಸೇದಿ ಸೇದಿ ಚಟವಾಗುತ್ತದೆ ಎಂದು ಯಾರೋ ಅಂದದ್ದನ್ನು ನಂಬಿ ಬಚ್ಚಿಟ್ಟವಳು ನಾನೇ. ಇಷ್ಟು ವರ್ಷ ಇಲ್ಲಿ ಕಂಡದ್ದನ್ನು ಇಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದೆ, ನೋಡಿ. ಇದನ್ನು ಹೇಳದೆ ಈ ಫಲಕ ಹಿಡಿದರೆ ದೇವರು ಮೆಚ್ಚುವುದಿಲ್ಲ.

ನಿಮ್ಮ ಮನೆಯಲ್ಲೂ ಯಾರದಾದರೂ ಪಂಪು ಅಟ್ಟ ಸೇರಿದ್ದರೆ ಇವತ್ತೇ ಇಳಿಸಿ. ಅತ್ತೆ ಮೊದಲ ಸಾಲಿನಲ್ಲಿದ್ದಾರೆ. ಭಾಷಣ ಉದ್ದವಾಯಿತೆಂದು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಆ ಗೊಣಗಾಟಕ್ಕಾಗಿ ಡಾಕ್ಟರಮ್ಮನಿಗೂ ಭಗವಂತನಿಗೂ ನಾನು ಋಣಿ. ಕೂತು ಕೇಳಿದ ನಿಮಗೆಲ್ಲ ನಮಸ್ಕಾರ.