ಕರೆಂಟ್ ಹೋದಾಗ ತಪ್ಪಿದ ಉತ್ತರ

ಅಮೆರಿಕದ ಡುಲುತ್‌ನಲ್ಲಿ, ನಾವೇ ಬಟ್ಟೆ ಒಗೆದುಕೊಳ್ಳುವ ನಮ್ಮ ಬೀದಿಯ ಲಾಂಡ್ರಿಯಲ್ಲಿ ಮಗಳ ಕಾಲುಚೀಲಗಳನ್ನು ಜೋಡಿ ಮಾಡುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ರೇಡಿಯೊದ ಆರ್ವಿಡ್ ಕೂತಿದ್ದರು. ಮೂವತ್ತು ವರ್ಷ ಕೇಳುಗರ ಫೋನ್ ಪ್ರಶ್ನೆಗಳಿಗೆ ಉತ್ತರಿಸುವ ಬೆಳಗಿನ ಕಾರ್ಯಕ್ರಮ ನಡೆಸಿ, ಹೋದ ಶುಕ್ರವಾರವಷ್ಟೇ ನಿವೃತ್ತರಾದವರು. ಹೆಂಗಸೊಬ್ಬಳು ಒಗೆಯುವ ಯಂತ್ರಕ್ಕೆ ಬಟ್ಟೆ ಹಾಕಿ ಬಂದು ಅವರ ಪಕ್ಕ ಕೂತಳು.

“ನಾನು ಮಾರ್ಲಿಸ್. ಹತ್ತೊಂಬತ್ತು ವರ್ಷದ ಹಿಂದೆ ನಿಮಗೆ ಫೋನ್ ಮಾಡಿದ್ದೆ. ಮಗಳು ಶಾಲೇಲಿ ಬಾಯೇ ಬಿಡಲ್ಲ, ಏನ್ ಮಾಡ್ಲಿ ಅಂತ. ‘ಫೋನ್ ಇಡ್ತೀನಿ, ಉತ್ತರ ರೇಡಿಯೊದಲ್ಲೇ ಕೇಳ್ತೀನಿ’ ಅಂದೆ.”

“ಎಲ್ಲರೂ ಹಾಗೇ ಅಂತಿದ್ರು.”

“ಇಟ್ಟ ತಕ್ಷಣ ಹಿಮ ಬಿದ್ದು ಕರೆಂಟ್ ಹೋಯ್ತು! ಏನಂದ್ರಿ ಆವತ್ತು?”

“ನೆನಪಿದೆ. ಏನೂ ತೋಚ್ಲಿಲ್ಲ. ಗಡಿಯಾರ ನೋಡಿ ‘ಈಗ ವಾರ್ತೆ’ ಅಂದ್ಬಿಟ್ಟೆ. ಇವತ್ತಿಗೂ ನಾಚಿಕೆ.”

“ಅಯ್ಯೋ! ಒಳ್ಳೇ ಉತ್ತರ ತಪ್ಪಿಹೋಯ್ತಲ್ಲ ಅಂತ ಇಷ್ಟು ವರ್ಷ ಕೊರಗಿದೀನಿ!”

“ಮತ್ತೇನ್ ಮಾಡಿದ್ರಿ?”

“ದಿನಾ ಪಕ್ಕ ಕೂರಿಸ್ಕೊಂಡು ಸುಮ್ನೆ ಬಟ್ಟೆ ಮಡಿಸ್ತಿದ್ದೆ. ಒಂದಿನ ತಾನೇ ಮಾತಾಡಿದ್ಲು. ಈಗ ನಿಲ್ಸೋದೇ ಇಲ್ಲ.”

“ಮೊದ್ಲೇ ಹೇಳ್ಬಾರ್ದಿತ್ತಾ? ಬೇರೆ ತಾಯಂದಿರಿಗೆ ಅದನ್ನೇ ಹೇಳ್ತಿದ್ದೆ.”

“ನೀವು ಕೇಳ್ಬೇಕಿತ್ತು, ಕೇಳೋದು ನಿಮ್ಮ ಕೆಲಸ!”

ಇಬ್ಬರೂ ನಕ್ಕರು. ಅಷ್ಟರಲ್ಲಿ ಅವಳ ಯಂತ್ರ ನಿಂತಿತು. ಬುಟ್ಟಿ ತುಂಬಿಕೊಂಡು ಬಾಗಿಲ ಕಡೆ ನಡೆದಳು.

ಹಿಂದಿನಿಂದ ಆರ್ವಿಡ್ ಅದೇ ಬೆಳಗಿನ ರೇಡಿಯೊ ದನಿಯಲ್ಲಿ ಅಂದರು: “ಫೋನ್ ಮಾಡಿದ್ದಕ್ಕೆ ಥ್ಯಾಂಕ್ಸ್, ಮಾರ್ಲಿಸ್.”