ಒರಳಿಗೆ ಕೈ ಹಾಕಿದ ಸಾಹುಕಾರ

ಕೂತ್ಕೊಳ್ಳಿ, ಕಾಲು ಚಾಚಿ ಕೂತ್ಕೊಳ್ಳಿ. ಯಾವ ಊರು ಅಂತ ಕೇಳಬೇಡಿ, ಯಾವ ಕಾಲ ಅಂತಲೂ ಕೇಳಬೇಡಿ. ಅಲ್ಲೊಬ್ಬ ಅವಲಕ್ಕಿ ಸಾಹುಕಾರ, ಗುರುಶಾಂತಪ್ಪ. ಅವನ ಅಂಗಡಿ ಹಿಂದೆ ಒಂದು ಕಲ್ಲಿನ ಒರಳು, ಮೂರು ಮಂದಿ ಹೆಣ್ಣಾಳು. ಕೊಟ್ರವ್ವ, ಸಂಕವ್ವ ಎದುರುಬದುರು ನಿಂತು ಒನಕೆ ಹಾಕೋರು. ನಮ್ಮ ದ್ಯಾಮವ್ವ ಪಕ್ಕದಲ್ಲಿ ಕೂತು ಹುರಿದ ಭತ್ತವನ್ನ ಕೈಯಿಂದ ತಿರುವೋಳು. ಒನಕೆ ಏಟಿನ ನಡುವೆ ಕೈ ಹೋಗಬೇಕು, ಬರಬೇಕು. ಹೇಗೆ? ಹಾಡಿನಿಂದ.

"ಏಳೇ ಒನಕೆ ಏಳೇ, ಕೈ ಬಂತು ತಾಳೇ."

ತಾಳೇ ಅಂದರೆ ಒನಕೆ ಮೇಲೆ, ಕೈ ಒಳಗೆ. ಇಪ್ಪತ್ತು ವರ್ಷ ಹೀಗೇ ಕುಟ್ಟಿದರು. ದ್ಯಾಮವ್ವನ ಬೆರಳು ಹತ್ತಕ್ಕೆ ಹತ್ತೂ ಇದ್ದವು.

ಒಂದು ದಿನ ಸಾಹುಕಾರ ಪೇಟೆಗೆ ಹೋದ. ಅಲ್ಲಿ ಯಾರೋ, "ನಿಮ್ಮ ಆಳುಗಳಿಗೆ ಕಾಯಿದೆ ಇಲ್ಲವೇನ್ರೀ?" ಅಂದರು. ಅಷ್ಟೇ ಸಾಕಾಯಿತು.

ಸೋಮವಾರ ಬಂದವನೇ, "ನಗಬಾರದು" ಅಂದ. ನಗಲಿಲ್ಲ. ಮಂಗಳವಾರ, "ಕುಟ್ಟೋವಾಗ ಮಾತಾಡಬಾರದು" ಅಂದ. ಮಾತಾಡಲಿಲ್ಲ, ಊರ ಸುದ್ದಿಯನ್ನೆಲ್ಲ ಹುಬ್ಬಲ್ಲೇ ಹೇಳಿಕೊಂಡರು. ಬುಧವಾರ, "ಹಾಡಬಾರದು. ಹಾಡಿದವರು ಸೀದಾ ಮನೆಗೆ" ಅಂದ.

ದ್ಯಾಮವ್ವ ಕೈಯನ್ನ ಸೆರಗಲ್ಲಿ ಸುತ್ತಿಕೊಂಡಳು. ಮನೆಗೆ ಹೋದರೆ ಒಲೆ ಉರಿಯಲ್ಲ, ಇಲ್ಲಿದ್ದರೆ ಬೆರಳು ಉಳಿಯಲ್ಲ. ಏನು ಮಾಡಿಯಾಳು, ನೀವೇ ಹೇಳಿ?

"ಸಾಹುಕಾರ್ರೆ, ನಿಮ್ಮ ಮಾತು ಮೀರಲ್ಲ. ಹಾಡಿಲ್ಲದೆ ಕೈ ಹಾಕೋದು ಹೆಂಗೆ ಅಂತ ಒಂದ್ಸಲ ತೋರಿಸಿಬಿಡಿ. ನೋಡಿ ಕಲೀತೀನಿ."

"ಇದೇನು ಮಹಾ ವಿದ್ಯೆ?" ಅಂತ ಸಾಹುಕಾರ ರುಮಾಲು ಬಿಗಿದು ಕುಕ್ಕರಗಾಲಲ್ಲಿ ಕೂತ.

ಒಂದು ಸಲ ಕೈ ನೀಡಿದ, ಎಳೆದ. ಧಪ್. ಎರಡನೇ ಸಲ ನೀಡಿದ, ಎಳೆದ. ಧಪ್. ಕೈ ಬಂತು, ಆದರೆ ಅಂಗಿ ತೋಳಿನ ಗುಂಡಿ ಒರಳಲ್ಲೇ ಉಳಿದು ಅವಲಕ್ಕಿಯಾಯಿತು.

"ಒನಕೆ ಎತ್ತೋವಾಗ ಹೇಳಬಾರದೇನ್ರೇ?"

ಕೊಟ್ರವ್ವ ತುಟಿಗೆ ಬೆರಳಿಟ್ಟು ತಲೆಯಾಡಿಸಿದಳು. ಮಾತಾಡೋ ಹಾಗಿಲ್ಲವಲ್ಲ.

"ನೀನು ನಗ್ತಿದ್ದೀಯೇನೇ?"

ಸಂಕವ್ವನ ಕೆನ್ನೆ ಪೂರಿ ಹಾಗೆ ಉಬ್ಬಿತ್ತು. ನಗು ಮಾತ್ರ ಹೊರಗೆ ಬಂದಿರಲಿಲ್ಲ.

ಮೂರನೇ ಸಲ ಕೈ ಪೂರ್ತಿ ಒಳಗೆ ಹೋಯಿತು. ಕತ್ತೆತ್ತಿ ನೋಡುತ್ತಾನೆ, ನೆತ್ತಿ ಮೇಲೆ ಎರಡು ಒನಕೆ. ಕೇಳಿ, ಬೀದಿಯ ಎಮ್ಮೆಗಳೆಲ್ಲ ಬೆದರಿ ಓಡೋ ಹಾಗೆ ಸಾಹುಕಾರ ಹಾಡಿದ:

"ಏಳೇ ಒನಕೆ ಏಳೇ, ಕೈ ಬಂತು ತಾಳೇ, ತಾಳೇ, ತಾಳೇ ನಮ್ಮವ್ವಾ!"

ಒನಕೆ ಎರಡೂ ಗಾಳಿಯಲ್ಲೇ ನಿಂತವು.

"ಸಾಹುಕಾರ್ರೆ," ಅಂದಳು ದ್ಯಾಮವ್ವ ಮೆಲ್ಲಗೆ, "ಹಾಡಿದವರು ಸೀದಾ ಮನೆಗೆ ಅಂದಿದ್ರಿ. ನಿಮ್ಮ ಚಪ್ಪಲಿ ಬಾಗಿಲ ಹತ್ರ ಐತೆ."

ಸಾಹುಕಾರ ಬೆರಳು ಎಣಿಸಿಕೊಂಡ. ಐದೂ ಇದ್ದವು. ಮೊದಲು ನಕ್ಕವನು ಅವನೇ. ಆಮೇಲೆ ಸಂಕವ್ವನ ಕೆನ್ನೆಯೊಳಗಿದ್ದ ಮೂರು ದಿನದ ನಗು ಒಟ್ಟಿಗೇ ಸಿಡಿದು ಅಂಗಳದ ಅವಲಕ್ಕಿಯೆಲ್ಲ ಹಾರಿಹೋಯಿತು.

ಅವತ್ತೇ ದ್ಯಾಮವ್ವ ಹೇಳಿದಳು, ಸಾಹುಕಾರ ಇದ್ದಿಲಲ್ಲಿ ಗೋಡೆ ಮೇಲೆ ಬರೆದ: "ಇಲ್ಲಿ ಕಾಯಿದೆ ಮಾಡೋರು ಮೊದಲು ಒರಳಿಗೆ ಕೈ ಹಾಕಬೇಕು." ಅದರ ಕೆಳಗೆ ಇವತ್ತಿನವರೆಗೂ ಗೋಡೆ ಖಾಲಿ.

ಅವರ ಒರಳು ಅಲ್ಲಿ ಕುಟ್ಟಲಿ, ನಮ್ಮ ಕಥೆ ಇಲ್ಲಿ ನಿಲ್ಲಲಿ. ಕೇಳಿದವರ ಬೆರಳು ಹತ್ತೂ ತಣ್ಣಗಿರಲಿ, ಹೇಳಿದವನಿಗೆ ಹಿಡಿ ಅವಲಕ್ಕಿ ಬರಲಿ.